ಮೆದುವಾಗಿಯೇ ಉಳಿದ ಹವಳ

ಹವಳ ಎಂದ ಕೂಡಲೇ ನಮ್ಮ ಕಡೆಯ ಮನೆಗಳಲ್ಲಿ ಕಡಲಿಗಿಂತ ಮೊದಲು ನೆನಪಿಗೆ ಬರುವುದು ಮಂಗಳವಾರ. ಜಾತಕದಲ್ಲಿ ಕುಜ ಕೂತ ಮನೆ ಸರಿಯಿಲ್ಲ ಎಂದು ಯಾರೋ ಹೇಳಿರುತ್ತಾರೆ. ಮದುವೆಯ ಮಾತು ಎಲ್ಲೋ ಒಂದು ಕಡೆ ಕಚ್ಚಿಕೊಂಡು ನಿಂತಿರುತ್ತದೆ. ಹಿರಿಯರು ಚಿನ್ನದಂಗಡಿಗೆ ಹೋಗಿ ಒಂದು ಕೆಂಪು ಹವಳ ಆರಿಸಿ ಉಂಗುರಕ್ಕೆ ಕೂರಿಸಿ ತರುತ್ತಾರೆ. ಅಜ್ಜಿಯರ ಕರಿಮಣಿ ಸರದಲ್ಲಿ ತಾಳಿಯ ಆಚೀಚೆ ಎರಡು ಹವಳ ಇರುತ್ತಿದ್ದದ್ದು ನಿಮಗೂ ನೆನಪಿರಬಹುದು. ಮುಟ್ಟಿದರೆ ಗಟ್ಟಿ, ನುಣುಪು, ತಣ್ಣಗೆ. ಒಂದು ಕಾಲಕ್ಕೆ ತಾನು ಜೀವಂತ ಮೈಯೊಂದರ ಒಳಗಿನ ಮೂಳೆಯಾಗಿದ್ದೆ ಎಂಬ ಸುಳಿವನ್ನು ಅದು ಬಿಟ್ಟುಕೊಡುವುದಿಲ್ಲ.

ಆ ಉಂಗುರದ ಹವಳಕ್ಕೆ ತೀರ ಹತ್ತಿರದ ದಾಯಾದಿಯೊಂದು ಪೆಸಿಫಿಕ್ ಸಾಗರದ ತಳದಲ್ಲಿ, ಬಿಸಿಲು ಇಳಿಯದ ಕಡೆ, ಬಂಡೆಗೆ ಅಂಟಿಕೊಂಡು ಬದುಕಿದೆ. ಅದಕ್ಕೆ ಮೂಳೆಯಿಲ್ಲ. ಶಾಸ್ತ್ರದ ಹೆಸರು ಹೆಟೆರೊಪಾಲಿಪಸ್ ರಿಟ್ಟೆರಿ. ಸ್ವಲ್ಪ ಹಳೆಯ ಪುಸ್ತಕಗಳಲ್ಲಿ ಆಂಥೊಮಾಸ್ಟಸ್ ರಿಟ್ಟೆರಿ. ಕ್ಯಾಲಿಫೋರ್ನಿಯಾದ ಕಡಲತಜ್ಞರು ಬಾಯಿಮಾತಿನಲ್ಲಿ ಅಣಬೆ ಹವಳ ಎನ್ನುತ್ತಾರೆ. ನಾನು ಅದನ್ನು ಕಂಡಿರುವುದು ಆಳಕ್ಕಿಳಿಯುವ ಯಂತ್ರಗಳು ತೆಗೆದ ಚಿತ್ರಗಳಲ್ಲಿ. ಅಷ್ಟರಿಂದಲೇ ಮನಸ್ಸು ಅಲ್ಲಿ ನೆಟ್ಟುಹೋಯಿತು. ಅದರ ಮೈಕಟ್ಟಿನ ಬಗ್ಗೆ ಒಂದಿಷ್ಟು ಹೊತ್ತು ಕೂತು ಮಾತಾಡಬೇಕೆನ್ನಿಸಿದೆ. ದಾರಿಯಲ್ಲಿ ಅಲ್ಲಲ್ಲಿ ನಿಂತರೆ ಬೇಸರಿಸಬೇಡಿ. ಹವಳದ ಕಥೆ ಒಂದೇ ಓಟಕ್ಕೆ ಮುಗಿಯುವಂಥದಲ್ಲ.

ಮೊದಲು ಜಾಗದ ವಿಷಯ. ಮಲ್ಪೆಯಿಂದ ಹೊರಟ ಬೋಟು ಪಡುವಣಕ್ಕೆ ಗಂಟೆಗಟ್ಟಲೆ ಹೋದರೂ ಅದರ ಕೆಳಗಿನ ನೀರು ನೂರು ಮೀಟರ್ ದಾಟಿರುವುದಿಲ್ಲ. ನಮ್ಮ ಕರಾವಳಿಯ ಕಡಲತಳ ಅಷ್ಟು ನಿಧಾನವಾಗಿ ಇಳಿಯುತ್ತದೆ. ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿ ಹಾಗಲ್ಲ. ಅಲ್ಲಿ ಮಾಸ್ ಲ್ಯಾಂಡಿಂಗ್ ಎಂಬ ಸಣ್ಣ ಬಂದರಿನ ಬಾಗಿಲಲ್ಲೇ ಕಡಲತಳ ಸೀಳಿಕೊಂಡು ಒಂದು ಕಣಿವೆ ಶುರುವಾಗುತ್ತದೆ. ಮುಂದೆ ಹೋಗುತ್ತ ಹೋಗುತ್ತ ಅದು ಮೂರೂವರೆ ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯುತ್ತದೆ. ಬೆಳಿಗ್ಗೆ ದಡ ಬಿಟ್ಟ ಹಡಗು ಮಧ್ಯಾಹ್ನದೊಳಗೆ ಕ್ಯಾಮೆರಾವನ್ನು ಸಾವಿರ ಮೀಟರ್ ಕೆಳಗೆ ಇಳಿಸಬಹುದಾದ ಜಾಗಗಳು ಜಗತ್ತಿನಲ್ಲಿ ಬಹಳ ಇಲ್ಲ. ಇದನ್ನು ಅರಿತೇ ಡೇವಿಡ್ ಪ್ಯಾಕರ್ಡ್ 1987ರಲ್ಲಿ ಅಲ್ಲಿ ಒಂದು ಸಂಶೋಧನಾ ಸಂಸ್ಥೆ ಕಟ್ಟಿದರು. ನಮ್ಮ ಕಚೇರಿಗಳ ಪ್ರಿಂಟರಿನ ಮೇಲೆ ಎಚ್‌ಪಿ ಎಂದು ಇರುತ್ತದಲ್ಲ, ಅದರ ಎರಡನೆಯ ಅಕ್ಷರ ಅವರ ಹೆಸರಿನದು. ಆ ಸಂಸ್ಥೆಯ ವೆಂಟಾನಾ, ಟಿಬ್ಯುರಾನ್, ಡಾಕ್ ರಿಕೆಟ್ಸ್ ಎಂಬ ಯಂತ್ರಗಳು ಮನುಷ್ಯರಿಲ್ಲದೆ, ಹಡಗಿನಿಂದ ಇಳಿಬಿಟ್ಟ ಕೇಬಲ್ಲಿನ ತುದಿಯಲ್ಲಿ ಈಜಿ, ದೀಪ ಹಿಡಿದು, ಆ ಕಣಿವೆಯ ಗೋಡೆಗಳನ್ನು ತೋರಿಸಿವೆ. ಅಣಬೆ ಹವಳವನ್ನು ಅದರ ಮನೆಯಲ್ಲಿ, ಅರಳಿದ ಸ್ಥಿತಿಯಲ್ಲಿ ನಾವು ನೋಡುತ್ತಿರುವುದು ಇಂಥ ಯಂತ್ರಗಳ ದಯೆಯಿಂದ.

ಅದಕ್ಕೂ ಮುಂಚೆ ಅದಕ್ಕೆ ಹೆಸರಿಟ್ಟವರು ಅದನ್ನು ಹಾಗೆ ನೋಡಿರಲಿಲ್ಲ. 1904ರಲ್ಲಿ ಅಮೆರಿಕದ ಮೀನುಗಾರಿಕೆ ಇಲಾಖೆಯ ಆಲ್ಬಟ್ರಾಸ್ ಎಂಬ ಹಡಗು ಕ್ಯಾಲಿಫೋರ್ನಿಯಾ ತೀರದಲ್ಲಿ ಬಲೆ ಎಳೆಯಿತು. ಬಲೆಗೆ ಬಂದದ್ದೆಲ್ಲ ಸ್ಪಿರಿಟ್ ತುಂಬಿದ ಗಾಜಿನ ಭರಣಿ ಸೇರಿತು. ಅದರಲ್ಲಿದ್ದ ಹವಳಗಳನ್ನು ಪರೀಕ್ಷಿಸುವ ಕೆಲಸ ಅಯೋವಾ ವಿಶ್ವವಿದ್ಯಾಲಯದ ಚಾರ್ಲ್ಸ್ ಕ್ಲೀವ್‌ಲ್ಯಾಂಡ್ ನಟಿಂಗ್ ಅವರ ಪಾಲಿಗೆ ಬಂತು. ಅಯೋವಾ ಅಮೆರಿಕದ ನಟ್ಟನಡುವಿನ ಮೆಕ್ಕೆಜೋಳದ ನಾಡು, ಯಾವ ದಿಕ್ಕಿಗೆ ಹೊರಟರೂ ಕಡಲು ಬಹಳ ದೂರ. ಅಲ್ಲಿ ಕೂತು ಆ ಮನುಷ್ಯ ಭರಣಿಯೊಳಗಿನ ಕುಗ್ಗಿದ ಮುದ್ದೆಗಳನ್ನು ಒಂದೊಂದಾಗಿ ತೆಗೆದು, ಅಳೆದು, ಸೂಕ್ಷ್ಮದರ್ಶಕದ ಕೆಳಗಿಟ್ಟು, 1909ರಲ್ಲಿ ಈ ಪ್ರಭೇದವನ್ನು ವಿವರಿಸಿದರು. ಬಾಡಿ ಮುದುಡಿದ್ದನ್ನು ನೋಡಿ, ಅರಳಿದ್ದರೆ ಹೇಗಿದ್ದಿರಬೇಕೆಂದು ಊಹಿಸಿ ಬರೆಯುವ ಆ ತಾಳ್ಮೆಯ ಬಗ್ಗೆ ನನಗೆ ದೊಡ್ಡ ಗೌರವ.

ಇನ್ನು ಮೈಯ ವಿಷಯಕ್ಕೆ ಬರುತ್ತೇನೆ. ಕೆಳಗೆ ಒಂದು ಗಿಡ್ಡನೆಯ ದಪ್ಪ ಕಾಂಡ, ಅದರ ಬುಡ ಬಂಡೆಗೆ ಭದ್ರವಾಗಿ ಅಂಟಿರುತ್ತದೆ. ಕಾಂಡ ಬೋಳು, ಅದರ ಮೇಲೆ ಹೂವೂ ಇಲ್ಲ, ಕೊಂಬೆಯೂ ಇಲ್ಲ. ಕಾಂಡದ ತುದಿಯಲ್ಲಿ ಉಬ್ಬಿದ ದುಂಡನೆಯ ತಲೆ. ಅಣಬೆ ಎಂಬ ಹೆಸರು ಇಲ್ಲಿಂದ ಬಂತು. ಬಣ್ಣ ಗಾಢ ಕೆಂಪು, ಕೆಲವದರಲ್ಲಿ ಕಿತ್ತಳೆಯ ಕಡೆ ವಾಲಿದ ಕೆಂಪು. ಆ ತಲೆಯ ಮೇಲಿಂದ ನಾಲ್ಕೂ ಕಡೆಗೆ ಉದ್ದನೆಯ ಪಾಲಿಪ್‌ಗಳು ಚಾಚಿಕೊಂಡಿರುತ್ತವೆ. ಪಾಲಿಪ್ ಎಂದರೆ ಹವಳದ ಒಬ್ಬ ವ್ಯಕ್ತಿ: ಒಂದು ಕೊಳವೆಯಂಥ ಮೈ, ಮೇಲೊಂದು ಬಾಯಿ, ಬಾಯಿಯ ಸುತ್ತ ಕೈಗಳು. ಕೈ ಎಣಿಸಿದರೆ ಎಂಟು. ಏಳಾಗುವುದಿಲ್ಲ, ಒಂಬತ್ತೂ ಆಗುವುದಿಲ್ಲ. ಪ್ರತಿ ಕೈಯ ಎರಡೂ ಅಂಚಿಗೆ ಎಳೆಎಳೆಯಾಗಿ ಸಣ್ಣ ಬೆರಳುಗಳ ಸಾಲು. ಅರಳಿದಾಗ ಒಂದೊಂದು ಪಾಲಿಪ್ ಎಂಟು ಗರಿಗಳ ಒಂದು ಚಕ್ರ.

ಈ ಎಂಟರ ಲೆಕ್ಕ ಬಹಳ ಹಳೆಯದು, ಬಹಳ ಗಟ್ಟಿಯಾದದ್ದು. ಮುರುಡೇಶ್ವರದ ಎದುರಿಗೆ ನೇತ್ರಾಣಿ ದ್ವೀಪ ಇದೆಯಲ್ಲ, ಅದರ ಸುತ್ತ ಮುಳುಗಿ ನೋಡುವವರಿಗೆ ಕಾಣುವ ಕಲ್ಲುಹವಳಗಳು ಆರರ ಲೆಕ್ಕದವು. ಅವುಗಳ ಮೈಯೊಳಗಿನ ಗೋಡೆಗಳು ಆರರ ಗುಣಕದಲ್ಲಿ ಬೆಳೆಯುತ್ತವೆ. ಅವು ಬಿಸಿಲು ಬೀಳುವ ತಿಳಿನೀರಿನಲ್ಲಿ, ಮೈಯೊಳಗೆ ಸಣ್ಣ ಪಾಚಿಗಳನ್ನು ಸಾಕಿಕೊಂಡು, ಆ ಪಾಚಿ ಬಿಸಿಲಿನಿಂದ ಮಾಡಿಕೊಟ್ಟ ಆಹಾರ ಉಂಡು, ದಿಬ್ಬಗಳನ್ನು ಕಟ್ಟುತ್ತವೆ. ಎಂಟರ ಲೆಕ್ಕದವು ಬೇರೆಯೇ ಮನೆತನ. ಮೆದು ಹವಳಗಳು, ಕಡಲ ಬೀಸಣಿಗೆಗಳು, ಕಡಲ ಲೇಖನಿಗಳು, ಉಂಗುರದ ಕೆಂಪು ಹವಳ, ಎಲ್ಲವೂ ಅದೇ ಮನೆತನದವು. ಅಣಬೆ ಹವಳ ಇರುವ ಇನ್ನೂರರಿಂದ ಸಾವಿರದೈನೂರು ಮೀಟರ್ ಆಳಕ್ಕೆ ಪಾಚಿ ಸಾಕುವಷ್ಟು ಬೆಳಕು ಬರುವುದಿಲ್ಲ. ಹಾಗಾಗಿ ಊಟದ ದಾರಿ ಒಂದೇ: ಪ್ರವಾಹ ತಂದುಕೊಟ್ಟದ್ದನ್ನು ಹಿಡಿಯುವುದು. ಮೇಲಿನ ನೀರಿನಲ್ಲಿ ಸತ್ತದ್ದು, ಉದುರಿದ್ದು, ತಿಂದು ಬಿಟ್ಟದ್ದು, ಎಲ್ಲ ಸೇರಿ ಬಿಳಿಯ ಚೂರುಗಳಾಗಿ ಹಗಲೂ ರಾತ್ರಿ ಕೆಳಗಿಳಿಯುತ್ತಿರುತ್ತದೆ. ಕಡಲಿನವರು ಅದನ್ನು ಕಡಲ ಹಿಮ ಎನ್ನುತ್ತಾರೆ. ಜೊತೆಗೆ ತೇಲಿಬರುವ ಸೀಗಡಿ ಜಾತಿಯ ಪುಟ್ಟ ಜೀವಿಗಳು. ಓಡಿಹೋಗಿ ಹಿಡಿಯಲು ಈ ಹವಳಕ್ಕೆ ಕಾಲಿಲ್ಲ, ಹುಡುಕಲು ಕಣ್ಣಿಲ್ಲ. ಇರುವುದು ನೀರಿಗೆ ಅಡ್ಡಲಾಗಿ ಚಾಚಿದ ಗರಿಗೈಗಳು. ಅದಕ್ಕೇ ಅದು ಪ್ರವಾಹ ಹರಿಯುವ ಬಂಡೆಯ ಅಂಚನ್ನು ಹಿಡಿದು ಕೂತಿರುತ್ತದೆ, ಕೆಸರಿನ ಬಯಲಿನಲ್ಲಿ ಅಲ್ಲ.

ಆದರೆ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಈ ಅರಳಿದ ರೂಪಕ್ಕಿಂತ ಅದು ಮುಚ್ಚಿಕೊಳ್ಳುವ ಬಗೆ. ಏನಾದರೂ ತಾಗಿದರೆ ಪಾಲಿಪ್‌ಗಳು ಕೈಗಳನ್ನು ಒಳಕ್ಕೆಳೆದುಕೊಂಡು, ಕುಗ್ಗಿ, ತಲೆಯೊಳಗೆ ಇಳಿದುಬಿಡುತ್ತವೆ. ಸ್ವಲ್ಪ ಹೊತ್ತಿಗೆ ಆ ಜಾಗದಲ್ಲಿ ಉಳಿಯುವುದು ಒಂದು ಕೆಂಪು ಉಂಡೆ ಮತ್ತು ಅದರ ಗಿಡ್ಡ ಕಾಂಡ. ಮೊದಲು ಕಂಡದ್ದೂ ಇದೂ ಒಂದೇ ಪ್ರಾಣಿ ಎಂದು ನಂಬುವುದು ಕಷ್ಟ. ಅಷ್ಟು ದೊಡ್ಡ ಮೈ ಎಲ್ಲಿ ಹೋಯಿತು? ಹೋದದ್ದು ನೀರು. ಅಡಿಕೆ ತೋಟಕ್ಕೆ ನೀರು ಹಾಯಿಸುವ ಚಪ್ಪಟೆ ಪೈಪನ್ನು ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಸುರುಳಿ ಬಿಚ್ಚಿ ನೆಲದ ಮೇಲೆ ಹಾಸಿದಾಗ ಅದು ಬರೀ ಪಟ್ಟಿ. ಪಂಪು ಚಾಲೂ ಆದ ಮೇಲೆ ನೀರು ತುಂಬುತ್ತ ಬಂದು ಉದ್ದಕ್ಕೂ ಬಿಗಿದು ನಿಲ್ಲುತ್ತದೆ, ಕಾಲಿನಿಂದ ಒತ್ತಿದರೂ ಜಗ್ಗುವುದಿಲ್ಲ. ಅಣಬೆ ಹವಳದ ಬಿಗುವು ಅದೇ ಬಗೆಯದು. ಅದರ ತಲೆ, ಕಾಂಡ, ಪಾಲಿಪ್ ಎಲ್ಲದರ ಒಳಗೂ ಕಾಲುವೆಗಳು ಒಂದಕ್ಕೊಂದು ಕೂಡಿಕೊಂಡಿವೆ. ಅವುಗಳಲ್ಲಿ ತುಂಬಿದ ಕಡಲ ನೀರೇ ಅದನ್ನು ಎತ್ತಿ ನಿಲ್ಲಿಸುವ ಎಲುಬು.

ಹಾಗಾದರೆ ಪಂಪು ಎಲ್ಲಿದೆ? ಈ ಪ್ರಶ್ನೆಗೆ ಉತ್ತರ ಅದರ ತಲೆಯ ಚರ್ಮದ ಮೇಲೇ ಇದೆ. ದೊಡ್ಡ ಪಾಲಿಪ್‌ಗಳ ನಡುವಿನ ಖಾಲಿ ಜಾಗ ನಿಜವಾಗಿ ಖಾಲಿಯಲ್ಲ. ಹತ್ತಿರದಿಂದ ನೋಡಿದರೆ ಅಲ್ಲಿ ಸಾಸಿವೆಗಿಂತ ದೊಡ್ಡದಲ್ಲದ ಚುಕ್ಕಿಗಳು ತುಂಬಿರುತ್ತವೆ. ಒಂದೊಂದು ಚುಕ್ಕಿಯೂ ಒಂದೊಂದು ಪಾಲಿಪ್. ಕೈಗಳು ಇಲ್ಲ, ಅಥವಾ ಇದ್ದೂ ಇಲ್ಲದಷ್ಟು ಸಣ್ಣವು. ಬೇಟೆ ಹಿಡಿಯುವುದು ಇವುಗಳಿಂದಾಗದು. ಇವಕ್ಕೆ ಸೈಫನೊಜೂಯಿಡ್ ಎಂದು ಹೆಸರು. ಉಣ್ಣುವ ದೊಡ್ಡವು ಆಟೊಜೂಯಿಡ್. ಸೈಫನೊಜೂಯಿಡ್‌ನ ಗಂಟಲಿನಲ್ಲಿ ಒಂದು ತೋಡು, ತೋಡಿನುದ್ದಕ್ಕೂ ಸೂಕ್ಷ್ಮ ರೋಮಗಳು. ಆ ರೋಮಗಳು ಎಡೆಬಿಡದೆ ಬಡಿದು ನೀರನ್ನು ಮೈಯೊಳಗೆ ಓಡಿಸುತ್ತವೆ. ಒಂದೇ ಮೈ, ಒಂದೇ ಹುಟ್ಟು, ಒಂದೇ ಮೊಟ್ಟೆಯಿಂದ ಬಂದ ಪಾಲಿಪ್‌ಗಳು. ಅವುಗಳಲ್ಲಿ ಕೆಲವು ಊಟ ತರುತ್ತವೆ, ಕೆಲವು ನೀರು ಸೇದುತ್ತವೆ. ಊಟ ತಂದವರದ್ದು ಕಾಲುವೆಗಳ ಮೂಲಕ ನೀರು ಸೇದುವವರಿಗೂ ತಲುಪುತ್ತದೆ.

ಸಾವಿರ ಮೀಟರ್ ಕೆಳಗೆ ಒತ್ತಡ ಮೇಲಿನದರ ನೂರು ಪಟ್ಟು. ಅಂಥಲ್ಲಿ ಇಷ್ಟು ಮೆದುವಾದ ಮೈ ಹೇಗೆ ಉಳಿಯುತ್ತದೆ ಎಂದು ಅನ್ನಿಸುವುದು ಸಹಜ. ಒತ್ತಡ ನುಚ್ಚುನೂರು ಮಾಡುವುದು ಒಳಗೆ ಗಾಳಿ ಇರುವುದನ್ನು. ಮುಳುಗುಹಡಗಿಗೆ ದಪ್ಪ ಗೋಡೆ ಬೇಕು, ಯಾಕೆಂದರೆ ಅದರೊಳಗೆ ಉಸಿರಾಡುವ ಮನುಷ್ಯರಿದ್ದಾರೆ. ಈ ಹವಳದ ಒಳಗೂ ನೀರು, ಹೊರಗೂ ನೀರು. ಎರಡರ ಒತ್ತಡವೂ ಒಂದೇ. ಅದಕ್ಕೆ ಗೋಡೆಯ ಹಂಗಿಲ್ಲ. ನಾಲ್ಕೈದು ಡಿಗ್ರಿಯ ತಣ್ಣೀರು, ಆಮ್ಲಜನಕ ತೀರ ಕಡಿಮೆ ಇರುವ ನೀರಿನ ಪದರ, ಊಟಕ್ಕೆ ಬರ, ಇವೆಲ್ಲವೂ ಅಲ್ಲಿ ನಿಜವಾದ ಕಷ್ಟಗಳು. ಒತ್ತಡ ಮಾತ್ರ ಕಷ್ಟವಲ್ಲ.

ಪೂರ್ತಿ ಮೆದು ಎಂದು ಹೇಳಿದರೂ ತಪ್ಪಾಗುತ್ತದೆ. ಮೈಯ ಮಾಂಸದಲ್ಲಿ ಎಲ್ಲ ಕಡೆ ಸುಣ್ಣದ ಕಣಗಳು ಹುದುಗಿವೆ. ಸ್ಕ್ಲೆರೈಟ್ ಎಂಬ ಈ ಕಣಗಳು ಮಿಲಿಮೀಟರಿನ ಹತ್ತರಲ್ಲೊಂದು ಭಾಗದ ಆಸುಪಾಸಿನವು, ಬರಿಗಣ್ಣಿಗೆ ಧೂಳು. ತಜ್ಞರು ಮೈಯ ಒಂದು ಚೂರು ತೆಗೆದು ಬ್ಲೀಚಿನಲ್ಲಿ ಹಾಕುತ್ತಾರೆ. ಮಾಂಸವೆಲ್ಲ ಕರಗಿ ತಳದಲ್ಲಿ ಈ ಧೂಳು ಉಳಿಯುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಅದು ಧೂಳಲ್ಲ, ಶಿಲ್ಪ. ಒಂದು ಗಂಟುಗಂಟಾದ ಕೋಲು, ಇನ್ನೊಂದು ಮುಳ್ಳುಗದೆ, ಮತ್ತೊಂದು ಎರಡೂ ತುದಿಗೆ ಕಿರೀಟವಿಟ್ಟ ಸಣ್ಣ ಸ್ತಂಭ. ಕೈಗಳಲ್ಲಿ ಒಂದು ಆಕಾರದವು, ತಲೆಯ ಚರ್ಮದಲ್ಲಿ ಇನ್ನೊಂದು ಆಕಾರದವು, ಕಾಂಡದ ಒಳಗೆ ಬೇರೆಯವು. ಎಂಟುಗೈಯ ಹವಳಗಳನ್ನು ಒಂದರಿಂದೊಂದು ಬೇರೆ ಮಾಡಿ ಹೇಳುವವರು ಹೆಚ್ಚಾಗಿ ನಂಬುವುದು ಈ ಕಣಗಳನ್ನೇ. ಮೇಲಿನ ರೂಪ ಅರಳುವಿಕೆ ಕುಗ್ಗುವಿಕೆಯಲ್ಲಿ ಬದಲಾಗುತ್ತದೆ. ಕಣದ ಆಕಾರ ಬದಲಾಗುವುದಿಲ್ಲ. ರಷ್ಯಾದ ಟೀನಾ ಮೊಲೊಡ್ಟ್ಸೋವಾ ಎಂಬ ತಜ್ಞೆ 2013ರಲ್ಲಿ ಅಣಬೆ ಹವಳಗಳ ಗುಂಪನ್ನೆಲ್ಲ ಮತ್ತೆ ಹರಡಿಕೊಂಡು ವಿಂಗಡಿಸಿದಾಗಲೂ ಇಂಥ ಕಣಗಳ ಸಾಕ್ಷ್ಯ ದೊಡ್ಡದಿತ್ತು.

ಇಲ್ಲಿ ಉಂಗುರದ ಹವಳದ ಕಡೆ ಒಮ್ಮೆ ಹೊರಳಬೇಕು. ಮೆಡಿಟರೇನಿಯನ್ ಕಡಲಿನ ಕೆಂಪು ಹವಳದ ಚರ್ಮದಲ್ಲೂ ಇಂಥವೇ ಕೆಂಪು ಸುಣ್ಣದ ಕಣಗಳಿವೆ. ವ್ಯತ್ಯಾಸ ಇರುವುದು ನಡುವಿನಲ್ಲಿ: ಅಲ್ಲಿ ಅದೇ ಸುಣ್ಣ ಪದರ ಪದರವಾಗಿ ಬೆಸೆದು ಗಟ್ಟಿ ದಂಡವಾಗಿದೆ. ಆ ದಂಡವನ್ನೇ ಕತ್ತರಿಸಿ, ಉಜ್ಜಿ, ಹೊಳಪು ಕೊಟ್ಟು ನಮ್ಮ ಬೆರಳಿಗೆ ಹಾಕುವುದು. ಇವೆರಡರ ನಡುವೆ ಮೂರನೆಯ ಒಬ್ಬರಿದ್ದಾರೆ, ಪ್ಯಾರಾಗೋರ್ಜಿಯಾ. ನಾರ್ವೆಯ ಕಡಲಿನಲ್ಲಿ, ಕೆನಡಾದ ಅಂಚಿನಲ್ಲಿ, ಮಾಂಟೆರೆಯ ತೆಂಕಣಕ್ಕಿರುವ ಡೇವಿಡ್ಸನ್ ಎಂಬ ಕಡಲೊಳಗಿನ ಬೆಟ್ಟದ ಮೇಲೆ, ಆಳೆತ್ತರ ಮೀರಿ ಮರದ ಹಾಗೆ ಬೆಳೆಯುವ ಕೆಂಪು, ಗುಲಾಬಿ ಹವಳ ಅದು. ಅದರ ನಡುವಿನಲ್ಲಿ ಕಣಗಳು ಒತ್ತೊತ್ತಾಗಿ ತುಂಬಿವೆ, ಆದರೆ ಬೆಸೆದುಕೊಂಡಿಲ್ಲ. ಬಲವಾಗಿ ತಾಗಿದರೆ ಕೊಂಬೆ ಮುರಿಯುತ್ತದೆ. ಈಗ ಮೂವರನ್ನೂ ಒಂದು ಸಾಲಿನಲ್ಲಿ ನಿಲ್ಲಿಸಿ ನೋಡಿ. ಒಬ್ಬರಲ್ಲಿ ಕಣಗಳು ಬಿಡಿಬಿಡಿ, ಇನ್ನೊಬ್ಬರಲ್ಲಿ ಒತ್ತೊತ್ತು, ಮತ್ತೊಬ್ಬರಲ್ಲಿ ಬೆಸೆದು ಕಲ್ಲು. ಸಾಮಗ್ರಿ ಮೂವರಿಗೂ ಒಂದೇ. ಕೈಯಿಲ್ಲದ ಪುಟ್ಟ ಪಾಲಿಪ್‌ಗಳನ್ನು ಬೇರೆಯಾಗಿ ಇಟ್ಟುಕೊಳ್ಳುವ ಪದ್ಧತಿಯೂ ಈ ಮನೆತನದಲ್ಲಿ ಹರಡಿಕೊಂಡಿದೆ.

ಬಹುಕಾಲ ಈ ಮೂವರೂ ಬೇರೆ ಬೇರೆ ಕುಟುಂಬಗಳಲ್ಲಿದ್ದರು. ಗಟ್ಟಿ ದಂಡ ಇದ್ದವರು ಒಂದು ಕಡೆ, ಮೆದುವಾದವರು ಇನ್ನೊಂದು ಕಡೆ ಎಂದು ವಿಂಗಡಿಸುವುದು ಕಣ್ಣಿಗೆ ಸರಿಯೆನಿಸುವ ಕ್ರಮವೇ. ಡಿಎನ್ಎ ಓದಲು ಶುರುವಾದ ಮೇಲೆ ಅದು ನಿಲ್ಲಲಿಲ್ಲ. 2022ರಲ್ಲಿ ಕ್ಯಾಥರೀನ್ ಮೆಕ್‌ಫ್ಯಾಡನ್, ಲೀನ್ ವಾನ್ ಓಫ್ವೆಗನ್, ಆಂಡ್ರಿಯಾ ಕ್ವಾಟ್ರಿನಿ ಎಂಬ ಮೂವರು ಎಂಟುಗೈಯ ಹವಳಗಳ ಇಡೀ ವಂಶಾವಳಿಯನ್ನು ಹೊಸದಾಗಿ ಬರೆದರು. ಅದರಲ್ಲಿ ಅಣಬೆ ಹವಳ, ಪ್ಯಾರಾಗೋರ್ಜಿಯಾ, ಉಂಗುರದ ಕೆಂಪು ಹವಳ ಮೂರೂ ಕೊರಾಲಿಡೇ ಎಂಬ ಒಂದೇ ಕುಟುಂಬಕ್ಕೆ ಬಂದವು. ನನ್ನ ಮಟ್ಟಿಗೆ ಈ ಇಡೀ ವಿಷಯದ ಹೃದಯ ಇಲ್ಲಿದೆ. ಮೆದುವಾಗಿರುವುದನ್ನು ನಾವು ಏನೋ ಒಂದು ಇಲ್ಲದಿರುವ ಸ್ಥಿತಿ ಎಂದು ಎಣಿಸುತ್ತೇವೆ. ಗಟ್ಟಿಯಾಗಲಾರದೆ ಉಳಿದದ್ದು ಎಂಬ ಹಾಗೆ. ಈ ಹವಳದಲ್ಲಿ ಸುಣ್ಣಕ್ಕೆ ಕೊರತೆಯಿಲ್ಲ, ಸುಣ್ಣ ಮಾಡುವ ವಿದ್ಯೆಗೂ ಕೊರತೆಯಿಲ್ಲ. ಮೈಯನ್ನು ನೀರಿನಿಂದ ಎತ್ತಿ ನಿಲ್ಲಿಸುವ, ಬೇಡವಾದಾಗ ಇಳಿಸಿಕೊಳ್ಳುವ ಇನ್ನೊಂದು ವಿದ್ಯೆ ಅದಕ್ಕೆ ಒಲಿದಿದೆ.

ಮೆದು ಮತ್ತು ಗಟ್ಟಿಯ ಮಾತು ಬಂದಾಗ ಹಳೆಯ ಮೆಡಿಟರೇನಿಯನ್ ಜನರ ಒಂದು ನಂಬಿಕೆಯನ್ನು ಹೇಳದೆ ಮುಂದೆ ಹೋಗಲಾರೆ. ಹವಳ ನೀರಿನೊಳಗೆ ಮೆದುವಾದ ಗಿಡ, ಗಾಳಿ ತಾಗಿದೊಡನೆ ಕಲ್ಲಾಗುತ್ತದೆ ಎಂದು ಅವರು ತಿಳಿದಿದ್ದರು. ರೋಮನ್ ಕವಿ ಓವಿಡ್ ಇದಕ್ಕೊಂದು ಕಥೆಯನ್ನೇ ಹೇಳಿದ್ದಾನೆ: ವೀರ ಪರ್ಸಿಯಸ್ ಮೆಡೂಸಾಳ ಕಡಿದ ತಲೆಯನ್ನು ಕಡಲಪಾಚಿಯ ಮೇಲೆ ಇಟ್ಟನಂತೆ, ಅವಳ ನೋಟದ ಶಕ್ತಿ ಹೀರಿಕೊಂಡ ಪಾಚಿ ಹವಳವಾಯಿತಂತೆ. ಅವನಿಗಿಂತ ಸ್ವಲ್ಪ ಈಚಿನ ಪ್ಲಿನಿ ಎಂಬ ಲೇಖಕ, ರೋಮಿನ ಹೆಂಗಸರಿಗೆ ಭಾರತದ ಮುತ್ತು ಎಷ್ಟು ಪ್ರಿಯವೋ ಭಾರತದ ಗಂಡಸರಿಗೆ ಹವಳ ಅಷ್ಟು ಪ್ರಿಯ ಎಂದು ಬರೆದಿಟ್ಟಿದ್ದಾನೆ. ಎರಡು ಸಾವಿರ ವರ್ಷದ ಹಿಂದಿನ ಮಾತು. ಮುಂದೆ ಇಟಲಿಯ ಲಿವೋರ್ನೊ ಬಂದರಿನ ವರ್ತಕರು ಮೆಡಿಟರೇನಿಯನ್ ಹವಳವನ್ನು ಗೋವೆಗೆ ಕಳಿಸಿ ಪ್ರತಿಯಾಗಿ ವಜ್ರ ತರಿಸಿಕೊಳ್ಳುತ್ತಿದ್ದರು. ನಮ್ಮ ಅಜ್ಜಿಯರ ಸರದ ಹವಳದ ಹಿಂದೆ ಇಷ್ಟು ಉದ್ದದ ಕಡಲದಾರಿ ಇದೆ.

ಹವಳ ಗಿಡವೇ ಎಂಬ ನಂಬಿಕೆ ಮುರಿಯಲು ಹದಿನೆಂಟನೆಯ ಶತಮಾನ ಬರಬೇಕಾಯಿತು. 1706ರಲ್ಲಿ ಲುಯಿಜಿ ಮಾರ್ಸಿಲಿ ಎಂಬ ಇಟಲಿಯ ವಿದ್ವಾಂಸ ಆಗಷ್ಟೇ ತೆಗೆದ ಕೆಂಪು ಹವಳವನ್ನು ಕಡಲ ನೀರಿನ ಪಾತ್ರೆಯಲ್ಲಿಟ್ಟ. ಸ್ವಲ್ಪ ಹೊತ್ತಿಗೆ ಅದರ ಮೈತುಂಬ ಎಂಟು ದಳದ ಬಿಳಿ ಹೂವು ಅರಳಿದವು. ಹೂವು ಬಿಟ್ಟ ಮೇಲೆ ಗಿಡ ಎನ್ನಲು ಇನ್ನೇನು ಬೇಕು? ಅವನು ಸಂಭ್ರಮದಿಂದ ಹಾಗೆಯೇ ಸಾರಿದ. ಸುಮಾರು ಇಪ್ಪತ್ತು ವರ್ಷದ ಮೇಲೆ ಮಾರ್ಸೇಲಿನ ವೈದ್ಯ ಪೆಸೊನೆಲ್ ಆಫ್ರಿಕದ ಬಡಗಣ ತೀರದಲ್ಲಿ ಅದೇ ಹೂವುಗಳನ್ನು ನೋಡಿದ. ಮುಟ್ಟಿದರೆ ಅವು ಮುಚ್ಚಿಕೊಂಡವು, ಬಿಟ್ಟರೆ ಮತ್ತೆ ತೆರೆದವು. ಇವು ಹೂವಲ್ಲ, ಪ್ರಾಣಿಗಳು ಎಂದು ಅವನು ಪ್ಯಾರಿಸಿನ ಅಕಾಡೆಮಿಗೆ ಬರೆದ. ಅಕಾಡೆಮಿಯ ಹಿರಿಯ ರಿಯೋಮರ್‌ಗೆ ಆ ಮಾತು ಎಷ್ಟು ಅಸಂಬದ್ಧವೆನಿಸಿತೆಂದರೆ, ಬರೆದವನ ಮರ್ಯಾದೆ ಉಳಿಸಲೆಂದು ಹೆಸರು ಹೇಳದೆಯೇ ಅದನ್ನು ಸಭೆಯಲ್ಲಿ ಪ್ರಸ್ತಾಪಿಸಿದ. 1740ರ ದಶಕದಲ್ಲಿ ಟ್ರೆಂಬ್ಲಿ ಎಂಬಾತ ಕೊಳದ ನೀರಿನ ಹೈಡ್ರಾ ಗಿಡವಲ್ಲ, ಪ್ರಾಣಿ ಎಂದು ತೋರಿಸಿದ ಮೇಲೆ ಪೆಸೊನೆಲ್ ಹೇಳಿದ್ದು ಸತ್ಯ ಎಂದು ವಿದ್ವಾಂಸರು ಒಪ್ಪತೊಡಗಿದರು. ಅಷ್ಟರಲ್ಲಿ ಅವನು ಕೆರಿಬಿಯನ್ನಿನ ಗ್ವಾಡೆಲೂಪ್ ದ್ವೀಪ ಸೇರಿಯಾಗಿತ್ತು. ಆ ಮನುಷ್ಯನ ನೆನಪಾದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮುಟ್ಟಿದರೆ ಮುಚ್ಚಿಕೊಳ್ಳುತ್ತದೆ ಎಂಬ ಒಂದು ಗುಣವನ್ನು ಅವನು ನೆಚ್ಚಿದ್ದ, ಆ ನೆಚ್ಚಿಕೆ ಸರಿಯಾಗಿತ್ತು. ಮಾಂಟೆರೆಯ ಕಣಿವೆಯಲ್ಲಿ ಯಂತ್ರದ ಕೈ ತಾಗಿ ಕೆಂಪು ಅಣಬೆ ಕುಗ್ಗುವುದನ್ನು ನೋಡುವಾಗ ನಾವು ನೋಡುತ್ತಿರುವುದು ಅವನು ಕಂಡದ್ದನ್ನೇ.

ಕೆಂಪಿನ ಬಗ್ಗೆಯೂ ಹೇಳಬೇಕು. ನೀರು ಬೆಳಕಿನಲ್ಲಿ ಮೊದಲು ನುಂಗುವುದು ಕೆಂಪನ್ನು. ಹತ್ತಿಪ್ಪತ್ತು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಮಂಕಾಗುತ್ತದೆ, ಇನ್ನೂ ಕೆಳಗೆ ನೀಲಿಯೊಂದೇ ಉಳಿಯುತ್ತದೆ, ಸಾವಿರ ಮೀಟರಿನ ಕೆಳಗೆ ಬಿಸಿಲಿನ ಯಾವ ಬಣ್ಣವೂ ಇಲ್ಲ. ಅಲ್ಲಿನ ಜೀವಿಗಳು ತಮ್ಮ ಮೈಯಿಂದ ತಾವೇ ಹೊಮ್ಮಿಸುವ ಬೆಳಕು ಕೂಡ ಬಹುಮಟ್ಟಿಗೆ ನೀಲಿ. ನೀಲಿ ಬೆಳಕು ಕೆಂಪು ಮೈಯ ಮೇಲೆ ಬಿದ್ದರೆ ಹಿಂದಿರುಗುವುದು ಏನೂ ಇಲ್ಲ. ಕೆಂಪು ಅಲ್ಲಿ ಕಪ್ಪು. ಹೀಗೆ ಹುಟ್ಟಿದಂದಿನಿಂದ ಸಾಯುವವರೆಗೆ ಈ ಹವಳ ತನ್ನ ಬಣ್ಣದಲ್ಲಿ ಯಾರಿಗೂ ಕಾಣುವುದಿಲ್ಲ. ಯಂತ್ರದ ಬಿಳಿ ದೀಪ ಬಿದ್ದ ಆ ಕೆಲವು ನಿಮಿಷಗಳಲ್ಲಿ ಮಾತ್ರ ಅದು ಕೆಂಪು. ಆ ಕೆಂಪು ಕೂತಿರುವುದೂ ಹೆಚ್ಚಾಗಿ ಆ ಸುಣ್ಣದ ಕಣಗಳಲ್ಲೇ. ಆದ್ದರಿಂದ ನಟಿಂಗ್ ಅವರಂಥವರ ಭರಣಿಗಳ ಸ್ಪಿರಿಟ್ಟಿನಲ್ಲಿ ಮಾಂಸ ಸುಕ್ಕಾದರೂ ಕಣದ ಬಣ್ಣ ಉಳಿಯುತ್ತದೆ.

ಅದರ ಸಂತಾನದ ಕ್ರಮ ಇನ್ನೂ ಸೊಗಸು. ಎರಿಕ್ ಕೋರ್ಡೆಸ್ ಎಂಬ ಸಂಶೋಧಕ ಮತ್ತು ಸಂಗಡಿಗರು ಮಾಂಟೆರೆಯಿಂದ ಜೀವಂತ ಹವಳಗಳನ್ನು ತಂದು ತಣ್ಣೀರಿನ ತೊಟ್ಟಿಯಲ್ಲಿ ಸಾಕಿ 2001ರಲ್ಲಿ ತಾವು ಕಂಡದ್ದನ್ನು ಪ್ರಕಟಿಸಿದರು. ಹೆಣ್ಣು ಹವಳ ಬೇರೆ, ಗಂಡು ಹವಳ ಬೇರೆ. ಅನೇಕ ಹವಳಗಳು ಮೊಟ್ಟೆಯನ್ನು ನೀರಿಗೆ ಸುರಿದು ಕೈತೊಳೆದುಕೊಳ್ಳುತ್ತವೆ. ಇದು ಹಾಗೆ ಮಾಡುವುದಿಲ್ಲ. ಮೊಟ್ಟೆ ಮೈಯೊಳಗೇ ಫಲಿಸಿ, ಮರಿ ಮೈಯೊಳಗೇ ಬೆಳೆಯುತ್ತದೆ. ಎಲ್ಲಿ ಎಂದರೆ ಆ ಸೈಫನೊಜೂಯಿಡ್‌ಗಳಲ್ಲಿ, ನೀರು ಸೇದುವ ಕೈಯಿಲ್ಲದ ಸಣ್ಣ ಪಾಲಿಪ್‌ಗಳಲ್ಲಿ. ಹೊರಬಂದ ಮರಿ ಹುಳುವಿನಂತೆ ತೆವಳುತ್ತ ನೆಲವನ್ನು ತಡಕಿ ನೋಡಿ, ಸರಿಯೆನಿಸಿದ ಗಟ್ಟಿ ಜಾಗದಲ್ಲಿ ಅಂಟಿಕೊಂಡು ಮೊದಲ ಪಾಲಿಪ್ ಆಗುತ್ತದೆ. ಅಲ್ಲಿಂದ ಪೂರ್ಣ ಗಾತ್ರಕ್ಕೆ ಬರಲು ದಶಕಗಳು ಬೇಕು.

ಇದೇ ಮಾಂಟೆರೆಯ ನೀರಿನಲ್ಲಿ ಇನ್ನೊಂದು ಮೆದು ಹವಳ ಇದೆ. ಗ್ಯಾರಿ ವಿಲಿಯಮ್ಸ್ ಮತ್ತು ಲಾನಿ ಲುಂಡ್‌ಸ್ಟೆನ್ 2009ರಲ್ಲಿ ಅದನ್ನು ವಿವರಿಸಿ ಜರ್ಸೇಮಿಯಾ ಜೂಲಿಪ್ಯಾಕರ್ಡೇ ಎಂದು ಹೆಸರಿಟ್ಟರು, ಡೇವಿಡ್ ಪ್ಯಾಕರ್ಡ್ ಅವರ ಮಗಳು, ಮಾಂಟೆರೆ ಅಕ್ವೇರಿಯಂ ನಡೆಸಿದ ಜೂಲಿ ಪ್ಯಾಕರ್ಡ್ ಅವರ ಗೌರವಕ್ಕೆ. ಆಳದ ಪ್ರಾಣಿಯೊಂದಕ್ಕೆ ಇಷ್ಟು ಈಚೆಗೆ ಹೆಸರು ಬಂದಿದೆ ಎಂಬುದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಹೆಸರು ಬರುವ ಮುಂಚೆಯೇ ಮೀನಿನ ಗಾಳ ಅಲ್ಲಿಗೆ ತಲುಪಿರುತ್ತದೆ. ಅಟ್ಲಾಂಟಿಕ್ಕಿನ ಅಣಬೆ ಹವಳವನ್ನು 1878ರಲ್ಲಿ ಯೇಲ್ ವಿಶ್ವವಿದ್ಯಾಲಯದ ಆಡಿಸನ್ ವೆರಿಲ್ ವಿವರಿಸಿದರು. ಆ ಕಾಲದಲ್ಲಿ ಅವರಿಗೆ ಆಳದ ಹವಳಗಳನ್ನು ತಂದುಕೊಡುತ್ತಿದ್ದವರು ಗ್ಲೌಸ್ಟರ್ ಬಂದರಿನ ಬೆಸ್ತರು. ಹ್ಯಾಲಿಬಟ್ ಮೀನಿಗೆಂದು ಬಿಟ್ಟ ಗಾಳಕ್ಕೆ ಸಿಕ್ಕಿದ್ದನ್ನು ಅವರು ಎಸೆಯದೆ ಜೋಪಾನವಾಗಿ ತಂದರು. ಶಾಸ್ತ್ರ ಅವರಿಗೆ ಋಣಿ. ಗಾಳದ ಕಾಲ ಹೋಗಿ ತಳ ಕೆರೆಯುವ ಟ್ರಾಲ್ ಬಲೆಯ ಕಾಲ ಬಂದ ಮೇಲೆ ಪರಿಸ್ಥಿತಿ ಬೇರೆಯಾಯಿತು. ಭಾರದ ಬಲೆ ಬಂಡೆಗಳನ್ನು ಉರುಳಿಸುತ್ತದೆ, ಬಂಡೆಯ ಜೊತೆ ಅದಕ್ಕೆ ಅಂಟಿದ್ದೂ ಹೋಗುತ್ತದೆ. ಗಟ್ಟಿ ಹವಳವಾದರೆ ಸತ್ತ ಮೇಲೂ ಅದರ ಅಸ್ಥಿ ಸಾವಿರಾರು ವರ್ಷ ತಳದಲ್ಲಿ ಬಿದ್ದಿದ್ದು, ಇಲ್ಲೊಂದು ಕಾಡಿತ್ತು ಎಂದು ಸಾಕ್ಷಿ ಹೇಳುತ್ತದೆ. ಅಣಬೆ ಹವಳ ಸತ್ತರೆ ಉಳಿಯುವುದು ಒಂದು ಚಿಟಿಕೆ ಕೆಂಪು ಕಣ. ಕೆಸರಿನಲ್ಲಿ ಬೆರೆತ ಮೇಲೆ ಅದನ್ನು ಹುಡುಕುವವರಿಲ್ಲ. ಎಲ್ಲೆಲ್ಲಿ ಎಷ್ಟು ಅಳಿಯಿತು ಎಂಬುದರ ಲೆಕ್ಕ ಆ ಮೈಯೇ ಇಟ್ಟುಕೊಂಡಿರುವುದಿಲ್ಲ.

ಕಾಪಾಡುವ ಕ್ರಮಗಳು ಬಂದಿವೆ, ಇಲ್ಲವೆಂದಲ್ಲ. ಡೇವಿಡ್ಸನ್ ಬೆಟ್ಟದ ಮೇಲೆ ತಳದ ಬಲೆಗೆ ನಿಷೇಧವಿದೆ. ಐರೋಪ್ಯ ಒಕ್ಕೂಟ 2016ರಲ್ಲಿ ತನ್ನ ನೀರಿನಲ್ಲಿ 800 ಮೀಟರಿನ ಕೆಳಗೆ ತಳದ ಟ್ರಾಲ್ ಮಾಡಬಾರದೆಂದು ಕಾನೂನು ಮಾಡಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2008ರಲ್ಲಿ ಒಪ್ಪಿದ ಮಾರ್ಗಸೂಚಿ ಮೆದು ಹವಳಗಳನ್ನೂ ಕಾಪಾಡಬೇಕಾದವುಗಳ ಸಾಲಿನಲ್ಲಿ ಹೆಸರಿಸುತ್ತದೆ. ಆದರೆ ಆಚರಣೆಗೆ ಬರುವಾಗ ಹವಳ ಸಿಕ್ಕಿತೇ ಇಲ್ಲವೇ ಎಂಬುದನ್ನು ಹಲವು ಕಡೆ ನಿರ್ಧರಿಸುವುದು ತಕ್ಕಡಿ. ವಾಯವ್ಯ ಅಟ್ಲಾಂಟಿಕ್ಕಿನ ಮೀನುಗಾರಿಕೆ ಸಂಸ್ಥೆ ಒಂದು ಎಳೆತಕ್ಕೆ 60 ಕೆ.ಜಿ. ಜೀವಂತ ಹವಳ ಎಂಬ ಮಿತಿ ಇಟ್ಟುಕೊಂಡಿತ್ತು. ಅದಕ್ಕಿಂತ ಹೆಚ್ಚು ಬಂದರೆ ಹಡಗು ಆ ಜಾಗ ಬಿಟ್ಟು ಸರಿಯಬೇಕು. ಮರದಂಥ ಪ್ಯಾರಾಗೋರ್ಜಿಯಾಗೆ ಈ ತೂಕ ಸರಿಹೋಗಬಹುದು. ಮೈಯೆಲ್ಲ ನೀರೇ ಆಗಿರುವ, ಬಲೆ ತಾಗಿದೊಡನೆ ಆ ನೀರನ್ನು ಚೆಲ್ಲಿ ಅಂಗೈಯೊಳಗಿನ ಉಂಡೆಯಾಗುವ, ಬಲೆಯ ಕಣ್ಣಿನಿಂದ ಜಾರಿ ಮತ್ತೆ ಕಡಲಿಗೇ ಬೀಳಬಹುದಾದ ಪ್ರಾಣಿಗೆ ಕೆ.ಜಿ.ಯ ಅಳತೆ ಹೇಗೆ ನ್ಯಾಯ ಮಾಡೀತು? ಅಂಥ ಕಡೆ ಬಲೆ ಇಳಿಯುವ ಮುಂಚೆಯೇ ಕ್ಯಾಮೆರಾ ಇಳಿಯಬೇಕು, ತೂಕದ ಬದಲು ಬಂಡೆಯ ಮೇಲೆ ಕಂಡ ತಲೆಗಳನ್ನು ಎಣಿಸಬೇಕು, ಆ ಎಣಿಕೆಯ ಮೇಲೆ ನಕ್ಷೆಯಲ್ಲಿ ಗೆರೆ ಎಳೆಯಬೇಕು. ಮಾಂಟೆರೆಯಲ್ಲಿ ಇದನ್ನು ಮಾಡಬಲ್ಲ ಯಂತ್ರಗಳು ಮೂರು ದಶಕಗಳಿಂದ ಇಳಿಯುತ್ತಿವೆ. ಉಳಿದ ಕಡಲುಗಳಲ್ಲೂ ಇದು ಆಗಬೇಕೆಂದು ನಾನು ಗಟ್ಟಿಯಾಗಿಯೇ ಕೇಳುತ್ತೇನೆ.